ಬಾಯೆಂಬ ವಠಾರ

ಸೊಪ್ಪು ತರಲು ಚಾಮರಾಜಪೇಟೆಯಿಂದ ಕೃಷ್ಣರಾಜ ಮಾರುಕಟ್ಟೆಗೆ ನಡೆದೇ ಹೋಗುವವನು ನಾನು. ಶಾಲೆಗೆ ರಜೆಯಿದ್ದರೆ ಮೊಮ್ಮಗಳೂ ಜೊತೆಗೆ ಬರುತ್ತಾಳೆ. ಮಾರುಕಟ್ಟೆಯ ಪಕ್ಕದ ಕೋಟೆ ಪ್ರದೇಶದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, 1958ರಲ್ಲಿ ಶುರುವಾದದ್ದು. ಅದರ ಬೋರ್ಡು ಓದಿದವಳೇ, "ತಾತ, ಬರೀ ಹಲ್ಲಿಗೆ ಒಂದು ಕಾಲೇಜಾ?" ಎಂದಳು. ಹಲ್ಲು ಮೂವತ್ತೆರಡೇ ಇರಬಹುದು ಕಣಮ್ಮ, ಬಾಯಲ್ಲಿ ವಾಸ ಮಾಡುವವರು ಕೋಟಿಗಟ್ಟಲೆ ಎಂದೆ.

ಮಕ್ಕಳೇ, ಆ ವಾಸಿಗಳನ್ನು ಮೊದಲು ಕಂಡವನು ಡಾಕ್ಟರಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲೇವನ್‌ಹುಕ್, ನಮ್ಮ ಚಿಕ್ಕಪೇಟೆಯವರ ಹಾಗೆ ಬಟ್ಟೆ ವ್ಯಾಪಾರಿ. ಯಾವ ವಿಶ್ವವಿದ್ಯಾಲಯದ ಪದವಿಯೂ ಅವನಿಗೆ ಇರಲಿಲ್ಲ. (ಬಿ.ಕಾಂ. ಓದಿ ವಿಜ್ಞಾನ ಬರೆಯುವ ನನಗೆ ಇದರಿಂದ ಸ್ವಲ್ಪ ಧೈರ್ಯ.) ತಾನೇ ಉಜ್ಜಿ ಮಾಡಿದ ಮಸೂರದ ಕೆಳಗೆ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನು ಮಳೆನೀರಿಗೆ ಬೆರೆಸಿ ಇಟ್ಟ. ಅದರಲ್ಲಿ ಜೀವಿಗಳು ಓಡಾಡುತ್ತಿದ್ದವು! 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಹಾಗೆಂದು ಕಾಗದ ಬರೆದ. ಜನ್ಮದಲ್ಲಿ ಹಲ್ಲುಜ್ಜದ ಒಬ್ಬ ಮುದುಕನ ಬಾಯನ್ನೂ ಬಿಡದೆ ಪರೀಕ್ಷಿಸಿದ. ಅಲ್ಲಿ ಇನ್ನೂ ದೊಡ್ಡ ಸಂತೆ.

ಬಾಯಿ ನಮ್ಮ ಹಳೇ ಬೆಂಗಳೂರಿನ ವಠಾರದಂತೆ. ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆಯವರ ಬಾಯಿಗಳಲ್ಲಿ ಗುರುತಿಸಿದ್ದಾರೆ. ನಾಲಿಗೆಯ ಮೇಲೊಂದು ಸಂಸಾರ, ವಸಡಿನ ಸಂದಿಯಲ್ಲಿ ಇನ್ನೊಂದು. ಹೆಚ್ಚಿನವರು ತಮ್ಮ ಪಾಡಿಗೆ ಇರುತ್ತಾರೆ. ತಂಟೆಕೋರರಲ್ಲಿ ಒಬ್ಬ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. 1924ರಲ್ಲಿ ಕ್ಲಾರ್ಕ್ ಎಂಬವರು ಹುಳುಕು ಹಲ್ಲಿನಲ್ಲಿ ಇವನನ್ನು ಪತ್ತೆ ಮಾಡಿದರು. ನೀವು ತಿಂದ ಸಕ್ಕರೆಯನ್ನು ಇವನೂ ತಿಂದು ಆಮ್ಲ ಬಿಡುತ್ತಾನೆ, ಆ ಆಮ್ಲ ಹಲ್ಲಿನ ಹೊರಪದರವನ್ನು ಕರಗಿಸುತ್ತದೆ. ಜೊಲ್ಲು ಅದನ್ನು ಸರಿಮಾಡಲು ಅರ್ಧ ಗಂಟೆಯಾದರೂ ಬೇಕು. ಅದಕ್ಕೇ ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದೇ ಮುಖ್ಯ. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಊಟದ ಜೊತೆ ಒಂದೇ ಸಲ ಮುಗಿಸಿ, ಜೇಬಿನಲ್ಲಿಟ್ಟುಕೊಂಡು ದಿನವಿಡೀ ಚೀಪಬೇಡಿ. ಕೂಸುಗಳ ಬಾಯಿಗೆ ಇವನು ಸೇರುವುದು ಹೆಚ್ಚಾಗಿ ಮನೆಯವರ ಎಂಜಲಿನಿಂದ. ಕಡಲೆಬೀಜವನ್ನು ಅಗಿದು ಮೊಮ್ಮಗುವಿಗೆ ಕೊಡುವ ಅಜ್ಜಿಯರೇ, ಕೋಪ ಬೇಡ. ಎಂಜಲೆಂದರೆ ಸಿಡುಕುತ್ತಿದ್ದ ನನ್ನ ಅಜ್ಜಿಗೆ ಸೂಕ್ಷ್ಮದರ್ಶಕವೇ ಬೇಕಿರಲಿಲ್ಲ!

ಹುಳುಕು ಹಲ್ಲು ಕಿತ್ತರೆ ಹೋಯಿತು. ನಿಜವಾದ ಭಯ ವಠಾರದ ಗೋಡೆ ಒಡೆದಾಗ. ವಸಡು ಊದಿ ರಕ್ತ ಬರುತ್ತಿದ್ದರೆ, ಅಗಿಯುವಾಗಲೂ ಉಜ್ಜುವಾಗಲೂ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ. ಗಟ್ಟಿ ಹೃದಯದವರಲ್ಲಿ ದೇಹವೇ ಅದನ್ನು ಬೇಗ ಹೊಡೆದೋಡಿಸುತ್ತದೆ. ಕೃತಕ ಕವಾಟ ಇರುವವರಲ್ಲಿ ಅದು ಅಲ್ಲೇ ಅಂಟಿಕೊಂಡು ಬೆಳೆಯಬಹುದು. ಎಂಡೋಕಾರ್ಡೈಟಿಸ್ ಎಂಬ ಈ ಕಾಯಿಲೆ ಪ್ರಾಣಕ್ಕೇ ಎರವಾದೀತು.

ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿದ್ದ ಗೆಳೆಯರಿಗೆ ಅಂಥ ಕವಾಟ ಹಾಕಿದ್ದರು. ವಸಡಿನಲ್ಲಿ ರಕ್ತ ಬಂದರೆ "ವಯಸ್ಸಾಯಿತಲ್ಲ" ಎನ್ನುತ್ತಿದ್ದರು. ಒಮ್ಮೆ ಸಣ್ಣ ಜ್ವರ ಹಿಡಿಯಿತು. ಮೂರು ವಾರವಾದರೂ ಬಿಡಲಿಲ್ಲ. ರಾತ್ರಿ ಬೆವರು, ಊಟ ಸೇರದು. ಮೆಡಿಕಲ್ ಶಾಪಿನ ಮಾತ್ರೆ ನುಂಗಿದರೆ ಇಳಿಯುವುದು, ಬಿಟ್ಟರೆ ಮತ್ತೆ ಏರುವುದು. ಹೀಗೆ ಆಂಟಿಬಯೋಟಿಕ್ ನುಂಗಿದರೆ ರಕ್ತಪರೀಕ್ಷೆಯಲ್ಲಿ ಕಳ್ಳ ಸಿಗದೇ ಹೋಗಬಹುದು. ಪುಣ್ಯಕ್ಕೆ ಸಿಕ್ಕಿದ, ಬಾಯಿಯ ಬ್ಯಾಕ್ಟೀರಿಯಾನೇ.

ಇದನ್ನೆಲ್ಲ ಕೇಳಿದ ಮೊಮ್ಮಗಳು, "ಹಾಗಾದ್ರೆ ಎಲ್ಲವನ್ನೂ ಸಾಯಿಸಿಬಿಡೋಣ ತಾತ" ಎಂದಳು. ಕೈಚೀಲದಲ್ಲಿದ್ದ ಪಾಲಕ್, ದಂಟಿನ ಸೊಪ್ಪು, ಬೀಟ್‌ರೂಟ್ ತೋರಿಸಿದೆ. ಇವುಗಳಲ್ಲಿ ನೈಟ್ರೇಟ್ ಇದೆ. ಅದನ್ನು ನೈಟ್ರೈಟ್ ಮಾಡಿಕೊಡುವುದು ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾ. ಅದರಿಂದ ದೇಹ ತಯಾರಿಸುವ ನೈಟ್ರಿಕ್ ಆಕ್ಸೈಡ್ ರಕ್ತನಾಳಗಳನ್ನು ಸಡಿಲಿಸಿ ಬಿ.ಪಿ. ತಗ್ಗಿಸಲು ನೆರವಾಗುತ್ತದೆ. ಖಾರದ ಮೌತ್‌ವಾಶಿನಿಂದ ದಿನವೂ ಮುಕ್ಕಳಿಸಿ ಎಲ್ಲರನ್ನೂ ಓಡಿಸಿದರೆ ಈ ಕೆಲಸಗಾರರೂ ಹೋಗುತ್ತಾರೆ. ಡಾಕ್ಟರು ಹೇಳಿದಷ್ಟು ದಿನ ಸಾಕು. ಬ್ರಷ್ಷು ದಿನಕ್ಕೆರಡು ಸಲ, ರಾತ್ರಿಯದಂತೂ ತಪ್ಪಿಸಬೇಡಿ.

ನನ್ನ ಓರಗೆಯವರಿಗೆ ಇನ್ನೊಂದು ಮಾತು. ಹಲ್ಲುಸೆಟ್ ಹಾಕಿಕೊಂಡೇ ಮಲಗುವ, 85 ದಾಟಿದ ಜಪಾನಿನ ಹಿರಿಯರಲ್ಲಿ ನ್ಯುಮೋನಿಯಾ ಸುಮಾರು ಎರಡು ಪಟ್ಟು ಕಂಡುಬಂದಿತ್ತು. ರಾತ್ರಿ ಸೆಟ್ಟನ್ನು ತೆಗೆದು ತೊಳೆದು ನೀರಿನಲ್ಲಿಡಿ.

ಗೆಳೆಯರು ಆರು ವಾರ ಆಸ್ಪತ್ರೆಯಲ್ಲಿ ಇಂಜೆಕ್ಷನ್ ತೆಗೆದುಕೊಂಡು ಮನೆಗೆ ಬಂದರು. ಈಗ ಅವರ ಅಂಗಿ ಜೇಬಿನಲ್ಲಿ ಬಸ್ ಪಾಸಿನ ಜೊತೆ ಒಂದು ಚೀಟಿ ಇರುತ್ತದೆ: "ನನ್ನ ಹೃದಯಕ್ಕೆ ಕೃತಕ ಕವಾಟ ಹಾಕಿದೆ." ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆಯುವ ಮೊದಲು ಅದನ್ನು ಅವರ ಕೈಗಿಡುತ್ತಾರೆ.