ಸೋರಿಕೆ ಇರುವುದು ಸೇರುವೆಯಲ್ಲಿ

ಮಂಡ್ಯದ ವಿ.ಸಿ. ಫಾರಂ ಎಂಬ ಹೆಸರಿನೊಳಗೇ ಒಂದು ಕಾಲುವೆ ಹರಿಯುತ್ತಿದೆ. ಹಿಂದೆ ಇರ್ವಿನ್ ಕಾಲುವೆ ಎನಿಸಿಕೊಂಡಿದ್ದು, ಅನಂತರ ವಿಶ್ವೇಶ್ವರಯ್ಯನವರ ಹೆಸರನ್ನು ತಳೆದ ಆ ನಾಲೆಯನ್ನು ನಂಬಿದ ರೈತರಿಗೆ, ತೂಬಿನ ಬಾಯಿಗೆ ಕಸ ಕಟ್ಟಿದರೆ ಏನಾಗುವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಂಬಾಡಿ ತುಂಬಿದ್ದರೂ ಗದ್ದೆ ಒಣಗುತ್ತದೆ. ಅದೇ ಸೀಮೆಯ ಹಳ್ಳಿಗಳಿಗೆ ಸುದ್ದಿಯನ್ನು ಬೆಳಕಿನ ರೂಪದಲ್ಲಿ ಒಯ್ಯುವ ಗಾಜಿನ ಎಳೆಗಳ ವಿಷಯದಲ್ಲಿ ಮಾತ್ರ ನಾವು ಈ ತಿಳಿವಳಿಕೆಯನ್ನು ಮರೆತಂತಿದೆ.

ಗಾಜನ್ನು ದೂರುವುದು ನ್ಯಾಯವಲ್ಲ. ಕಿಲೋಮೀಟರಿಗೆ 20 ಡೆಸಿಬೆಲ್ ನಷ್ಟದ ಎಳೆ, ಎಂದರೆ ನೂರರಲ್ಲಿ ಒಂದು ಪಾಲು ಬೆಳಕನ್ನು ಉಳಿಸುವ ಎಳೆ, ದೊರೆತರೂ ಸಾಕೆಂದು ಚಾರ್ಲ್ಸ್ ಕಾವೊ ಮತ್ತು ಹಾಕ್‌ಹ್ಯಾಮ್ 1966ರಲ್ಲಿ ವಾದಿಸಿದ್ದರು. ಇಂದಿನ ಎಳೆಯಲ್ಲಿ, 1550 ನ್ಯಾನೊಮೀಟರ್ ತರಂಗದೂರದಲ್ಲಿ, ಆ ನಷ್ಟ ಸುಮಾರು 0.2 ಡೆಸಿಬೆಲ್ ಮಾತ್ರ. ಹತ್ತು ಕಿಲೋಮೀಟರ್ ಸಾಗಿದ ಮೇಲೂ ನೂರಕ್ಕೆ 63 ಪಾಲು ಉಳಿಯುತ್ತದೆ.

ಕಷ್ಟ ಮೊದಲಾಗುವುದು ಎರಡು ತುದಿಗಳನ್ನು ಕೂಡಿಸುವ ಕನೆಕ್ಟರಿನಲ್ಲಿ. ಬೆಳಕು ಹರಿಯುವ ನಡುಗಾಜಿನ ವ್ಯಾಸ ಸುಮಾರು 9 ಮೈಕ್ರಾನ್. ಇಂಥ ಎರಡು ಚುಕ್ಕೆಗಳು ಮುಖಕ್ಕೆ ಮುಖ ಮುಟ್ಟಿ ನಿಲ್ಲಬೇಕು. ನಡುವೆ ಗಾಳಿ ಸಿಕ್ಕಿದರೆ ಗಾಜಿನ ಒಂದೊಂದು ಮುಖವೂ ಸುಮಾರು ಶೇಕಡಾ ನಾಲ್ಕರಷ್ಟು ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ. ಕಣ್ಣಿಗೆ ಕಾಣದ ಧೂಳಿನ ಒಂದು ಕಣ ದಾರಿಯನ್ನೇ ಮುಚ್ಚೀತು.

2.5 ಮಿಲಿಮೀಟರ್ ಪಿಂಗಾಣಿ ಕೊಳವೆಯ ಎಸ್‌ಸಿ ಮೇಲೋ, 1.25 ಮಿಲಿಮೀಟರಿನ ಎಲ್‌ಸಿ ಮೇಲೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿಯಿಲ್ಲ. ಶುಚಿಯಾಗಿದ್ದರೆ ಎರಡರ ನಷ್ಟವೂ ಸಾಮಾನ್ಯವಾಗಿ ಅರ್ಧ ಡೆಸಿಬೆಲ್ ಮೀರದು. ನೋಡಬೇಕಾದುದು ಬಣ್ಣವನ್ನು. ನೀಲಿ ಕನೆಕ್ಟರಿನ ತುದಿ ನೇರ. ಹಸಿರಿನದು 8 ಡಿಗ್ರಿ ಓರೆ, ಪ್ರತಿಫಲಿಸಿದ ಬೆಳಕು ಮೂಲದತ್ತ ಮರಳದಿರಲೆಂದು. ಹಸಿರನ್ನು ನೀಲಿಗೆ ಸಿಕ್ಕಿಸಿದರೆ ಸಿಕ್ಕಿಕೊಳ್ಳುತ್ತದೆ, ಅಪಾಯವಿರುವುದೇ ಅಲ್ಲಿ! ನಡುವೆ ಬೆಣೆಯಾಕಾರದ ಸಂದು ಉಳಿಯುತ್ತದೆ. ಅಲ್ಲಿ 3 ಡೆಸಿಬೆಲ್ ಹೋಯಿತೆಂದರೆ ಅರ್ಧ ಬೆಳಕು ಹೋಯಿತು. ಹದಿನೈದು ಕಿಲೋಮೀಟರ್ ಗಾಜು ನುಂಗುವಷ್ಟನ್ನು ಒಂದು ಸೇರುವೆಯೇ ನುಂಗಿತು.

ದುರಸ್ತಿಗೆ ಬಂದವರು ತುದಿಯನ್ನು ಅಂಗಿಯಂಚಿನಿಂದ ಒರೆಸಿ ಸಿಕ್ಕಿಸುವುದನ್ನು ಕಂಡಿದ್ದೇನೆ. ಅವರನ್ನು ಹಳಿಯಲಾರೆ. ತರಗತಿಯಲ್ಲಿ ಪೂರ್ಣ ಆಂತರಿಕ ಪ್ರತಿಫಲನವನ್ನು ವರ್ಷವರ್ಷವೂ ಬೋಧಿಸುವ ನಾನೇ, ತುದಿಯನ್ನು ಶುಚಿಮಾಡಿ ನಷ್ಟವನ್ನು ಅಳೆಯುವ ಪ್ರಯೋಗವನ್ನು ಎಷ್ಟು ವಿದ್ಯಾರ್ಥಿಗಳಿಂದ ಮಾಡಿಸಿದ್ದೇನೆ? ಪಹಣಿಗಾಗಿ ಬಂದ ರೈತ ‘ಲೈನ್ ಇಲ್ಲ’ ಎಂಬ ಉತ್ತರ ಕೇಳಿ ಹಿಂದಿರುಗುವಾಗ ಆ ಹೊಣೆಯಲ್ಲಿ ಪ್ರಯೋಗಶಾಲೆಗೂ ಪಾಲುಂಟು.

2011ರಲ್ಲಿ ಒಪ್ಪಿಗೆ ಪಡೆದು ಈಗ ಭಾರತ್‌ನೆಟ್ ಎನಿಸಿಕೊಂಡಿರುವ ಯೋಜನೆ ಗ್ರಾಮ ಪಂಚಾಯಿತಿಗಳವರೆಗೆ ಎಳೆಯನ್ನು ಒಯ್ಯಲು ಹೊರಟಿತು. ಅದು ತಲಪಿದ ಪ್ರತಿಯೊಂದು ಪೆಟ್ಟಿಗೆಯ ಮುಚ್ಚಳದೊಳಗೆ, ಅಲ್ಲಿಗೆ ಬಂದ ಬೆಳಕಿನ ಪ್ರಮಾಣವನ್ನೂ ಅಳೆದ ದಿನಾಂಕವನ್ನೂ ಬರೆದು ಅಂಟಿಸಬೇಕೆಂಬುದು ನನ್ನ ಅಭಿಪ್ರಾಯ. ಅಂಕಿ ಕುಸಿದಿದ್ದರೆ, ನೆಲವನ್ನು ಅಗೆಯುವ ಮುನ್ನ ಕನೆಕ್ಟರನ್ನು ಬಿಚ್ಚಿ ನೋಡಲಿ.