ಮೊಳಕೆ ಎಣಿಸಿದ್ದು ಸಾಕು, ಬೇರು ಅಳೆಯಿರಿ

ಮೂಲಂಗಿ ಬಿತ್ತಿದ ಐದನೇ ದಿನ ಮಡಿಗೆ ಹೋದ ರೈತ ಮೊದಲು ನೋಡುವುದು ಮೊಳಕೆ ಎಷ್ಟು ಬಂದಿದೆ ಎಂದು. ನೂರಕ್ಕೆ ತೊಂಬತ್ತು ಬಂದಿದ್ದರೆ ಬೀಜದಂಗಡಿಯವನ ಮೇಲಿದ್ದ ಅನುಮಾನ ಕಳೆಯುತ್ತದೆ; ನೀರು ಕಟ್ಟಿ ಮನೆಗೆ ಬರುತ್ತಾನೆ. ಇನ್ನೊಂದು ಹತ್ತು ದಿನಕ್ಕೆ ಅದೇ ಮಡಿಯ ಬದುವಿನಲ್ಲಿ ನಿಂತು, ‘ಯಾಕೋ ಸಸಿ ಮೇಲಕ್ಕೆ ಏಳ್ತಾನೇ ಇಲ್ಲ, ಕೂತ್ಕೊಂಡ್ಬಿಟ್ಟಿದೆ’ ಎನ್ನುತ್ತಾನೆ. ಅಷ್ಟರಲ್ಲಿ ಒಂದು ಹಿಡಿ ಯೂರಿಯಾ ಬಿದ್ದಿರುತ್ತದೆ, ಲಘು ಪೋಷಕಾಂಶದ ಪೊಟ್ಟಣವೂ ಒಂದು ಸುತ್ತು ಸಿಂಪಡಣೆಯಾಗಿರುತ್ತದೆ. ಒಂದು ಸಸಿಯನ್ನು ಕಿತ್ತು ಬೇರು ನೋಡುವವರು ಮಾತ್ರ ಅಪರೂಪ.

ಸಸಿ ಕೂರುವುದಕ್ಕೆ ಕಾರಣಗಳು ಹಲವು. ಬುಡ ಕೊಳೆಯುವ ರೋಗ, ಜಂತುಹುಳು, ಉಪ್ಪು, ನೀರು ನಿಲ್ಲುವುದು, ಎಲ್ಲವೂ ಹೌದು. ಆದರೆ ಬೆಂಗಳೂರಿನ ಮೋರಿ ನೀರು ಹರಿಯುವ ಅಚ್ಚುಕಟ್ಟುಗಳಲ್ಲಿ, ಆ ನೀರು ನಿಂತ ಕೆರೆಗಳ ಹೂಳು ಹೊಡೆಸಿಕೊಂಡ ಹೊಲಗಳಲ್ಲಿ ಇನ್ನೊಂದು ಕಾರಣವೂ ಇರಬಹುದು. ಅದನ್ನು ನಾವು ಪಟ್ಟಿಗೇ ಸೇರಿಸಿಕೊಂಡಿಲ್ಲ: ಕ್ರೋಮಿಯಂ, ನಿಕಲ್, ಸತು, ತಾಮ್ರ, ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳು.

ಬೀಜ ಮೊಳೆಯುವುದು ತನ್ನ ಬುತ್ತಿ ತಾನೇ ಉಂಡು. ತಾಯಿಗಿಡ ಕಟ್ಟಿಕೊಟ್ಟ ಪಿಷ್ಟ, ಎಣ್ಣೆ, ಪ್ರೋಟೀನು ಎಲ್ಲ ಒಳಗೇ ಇರುತ್ತದೆ. ಹೊರಗಿನಿಂದ ಅದಕ್ಕೆ ಬೇಕಾದ್ದು ನೀರು, ಗಾಳಿ, ಒಂದಿಷ್ಟು ಬೆಚ್ಚಗೆ. ಲೋಹವನ್ನು ಬೀಜದ ಸಿಪ್ಪೆ ಬಹುಮಟ್ಟಿಗೆ ಹೊರಗೇ ತಡೆಯುತ್ತದೆ. ಹಾಗಾಗಿ ಸಾಕಷ್ಟು ಕೆಟ್ಟ ಮಣ್ಣಿನಲ್ಲೂ ಮೊಳಕೆಯ ಲೆಕ್ಕ ಚೆನ್ನಾಗಿಯೇ ಬರುತ್ತದೆ. ಪೆಟ್ಟು ಬೀಳುವುದು ಸಿಪ್ಪೆ ಒಡೆದು ಬೇರು ಹೊರಗೆ ಬಂದ ಮೇಲೆ. ಬೇರಿನ ತುದಿಯ ಕೆಲವೇ ಮಿಲಿಮೀಟರಿನಲ್ಲಿ ಜೀವಕೋಶಗಳು ಒಂದು ಎರಡಾಗಿ, ಉದ್ದವಾಗಿ ಬೇರನ್ನು ಕೆಳಕ್ಕೆ ನೂಕುತ್ತವೆ. ಲೋಹ ಮೊದಲು ತಾಗುವುದು ಅಲ್ಲಿಗೇ. ಕೋಶ ಒಡೆಯುವುದು ನಿಧಾನವಾಗುತ್ತದೆ, ಕೋಶದ ಗೋಡೆ ಹೊತ್ತಿಗೆ ಮುಂಚೆ ಗಟ್ಟಿಯಾಗುತ್ತದೆ, ಬೇರು ನಿಂತಲ್ಲೇ ನಿಲ್ಲುತ್ತದೆ. ಬೆಳೆ ಯಾವುದೇ ಇರಲಿ, ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದು: ಮೊಳಕೆಯ ಪ್ರಮಾಣ ಇಳಿಯುವ ಎಷ್ಟೋ ಮೊದಲೇ ಬೇರಿನ ಉದ್ದ ಇಳಿದಿರುತ್ತದೆ.

ಒಂದು ಸಸಿಯನ್ನು ಮಣ್ಣು ಸಮೇತ ಮೆಲ್ಲಗೆ ಎತ್ತಿ ಅಂಗೈ ಮೇಲಿಟ್ಟು ನೋಡಿ. ಆರೋಗ್ಯವಾಗಿರುವ ಎಳೆ ಬೇರು ಬಿಳಿ ದಾರದ ಹಾಗಿರುತ್ತದೆ. ಅದರ ರೋಮಗಳಿಗೆ ಮಣ್ಣಿನ ಕಣ ಅಂಟಿಕೊಂಡು ಬರುತ್ತದೆ, ಕೊಡವಿದರೂ ಬೇಗ ಬಿಡುವುದಿಲ್ಲ. ಲೋಹ ತಗುಲಿದ ಬೇರು ಗಿಡ್ಡ, ದಪ್ಪ, ತುದಿ ಕಂದು. ಕೊಡವಿದರೆ ಮಣ್ಣೆಲ್ಲ ಒಂದೇ ಸಲಕ್ಕೆ ಉದುರಿ ಬೋಳಾಗುತ್ತದೆ. ಹಿಡಿದುಕೊಳ್ಳುವುದಕ್ಕೆ ರೋಮವೇ ಇರುವುದಿಲ್ಲ.

ಬೇರಿಗೆ ಒಂದೊಂದು ಪೋಷಕಾಂಶಕ್ಕೆ ಒಂದೊಂದು ಬಾಗಿಲು. ಕಾವಲುಗಾರ ಮಾತ್ರ ಅಷ್ಟೇನೂ ಚುರುಕಲ್ಲ. ಕಬ್ಬಿಣ, ಸತು ಬರುವ ಬಾಗಿಲಲ್ಲೇ ಕ್ಯಾಡ್ಮಿಯಂ ನುಸುಳುತ್ತದೆ. ಗಂಧಕದ ಬಾಗಿಲಲ್ಲಿ ಕ್ರೋಮೇಟ್, ರಂಜಕದ ಬಾಗಿಲಲ್ಲಿ ಆರ್ಸೆನಿಕ್. ಬೇಡದ್ದು ಒಳಗೆ ಬಂದು ಜಾಗ ಹಿಡಿದರೆ ಬೇಕಾದ ಕಬ್ಬಿಣಕ್ಕೆ ಕೊರತೆ ಬೀಳುತ್ತದೆ. ಎಳೆಯ ಎಲೆ ಹಳದಿಗೆ ತಿರುಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ರೈತ ಇದನ್ನು ಕಬ್ಬಿಣದ ಕೊರತೆ ಎಂದು ಓದುತ್ತಾನೆ. ಓದಿದ್ದು ತಪ್ಪೇನಲ್ಲ, ಅರ್ಧಕ್ಕೆ ನಿಲ್ಲಿಸಿದ್ದಾನೆ ಅಷ್ಟೇ. ಅಂಗಡಿಯಲ್ಲಿ ಕೊಡುವ ಮಿಶ್ರಣದಲ್ಲಿ ಕಬ್ಬಿಣದ ಜತೆಗೆ ಸತು, ತಾಮ್ರವೂ ಇರುತ್ತವೆ. ಆಗಲೇ ಸತು ತುಂಬಿಕೊಂಡಿರುವ ಮಣ್ಣಿನ ಬೆಳೆಗೆ ಅದೇ ಔಷಧಿ!

ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದ್ದೆಂದು ಹೇಳುವ ವೃಷಭಾವತಿ ಕೆಂಗೇರಿ ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬರುವಷ್ಟರಲ್ಲಿ ನದಿಯೆನ್ನುವ ಹೆಸರಷ್ಟೇ ಉಳಿದಿರುತ್ತದೆ. ಊರಿನ ಕೊಳಚೆಯ ಜತೆ ಪೀಣ್ಯದ ಕಡೆಯ ಲೋಹಲೇಪನದ ಸಣ್ಣ ಸಣ್ಣ ಘಟಕಗಳ ನೀರೂ ಈ ಕಣಿವೆಗೆ ಇಳಿದಿದೆ. ಲೇಪನವೆಂದರೆ ಕ್ರೋಮಿಯಂ, ನಿಕಲ್, ಸತುವಿನ ತೊಟ್ಟಿಗಳು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ದಾಖಲಾದ ಸಂಗತಿ. ಕೆರೆಯ ತೂಬಿನಿಂದ ಹೊರಟ ನೀರು ಅಚ್ಚುಕಟ್ಟಿಗೆ ಹೋಗುತ್ತದೆ. ಆ ನೀರಿನಲ್ಲಿ ಸಾರಜನಕ, ರಂಜಕ ಧಾರಾಳವಾಗಿವೆ. ‘ಈ ನೀರಿಗೆ ಗೊಬ್ಬರವೇ ಬೇಡ ಸ್ವಾಮಿ’ ಎಂದು ಅಲ್ಲಿನವರು ಹೇಳಿದರೆ ಅದು ಸುಳ್ಳಲ್ಲ. ತೊಡಕೂ ಅಲ್ಲೇ ಇದೆ. ಸಾರಜನಕದ ಕಡುಹಸಿರು ಲೋಹದ ಹಳದಿಯನ್ನು ಎಷ್ಟೋ ಸಲ ಮುಚ್ಚಿಬಿಡುತ್ತದೆ.

ಇನ್ನೊಂದು ಮುಸುಕು ಇತ್ತೀಚಿನದು. ಟೊಮೆಟೊ, ಕೋಸು, ಮೆಣಸಿನ ಸಸಿಯನ್ನು ಈಗ ಹೊಲದಲ್ಲಿ ಬೆಳೆಸುವವರು ಕಡಿಮೆ. ನರ್ಸರಿಯಿಂದ 98 ಗುಣಿಯ ಟ್ರೇಗಳಲ್ಲಿ ತರುತ್ತಾರೆ. ಆ ಸಸಿ ತನ್ನ ಮೊದಲ ಮೂರು ನಾಲ್ಕು ವಾರವನ್ನು ತೆಂಗಿನ ನಾರಿನ ಪುಡಿಯಲ್ಲಿ ಕಳೆದಿರುತ್ತದೆ. ಹೊಲದ ಮಣ್ಣು ಏನು ಹೇಳಬೇಕಿತ್ತೋ ಅದನ್ನು ಅತ್ಯಂತ ಎಳೆಯ ಬೇರಿಗೆ ಹೇಳುವ ಅವಕಾಶವೇ ತಪ್ಪಿತು. ನಾಟಿಯಾದ ಮೇಲೆ ಗಿಡ ಸೊರಗಿದರೆ ಬೈಗುಳ ನರ್ಸರಿಯವನಿಗೆ.

ಹಾಗಾದರೆ ಎಳೆ ಬೇರನ್ನು ನೋಡಿಕೊಂಡರೆ ಸಾಕೇ? ಸಾಲದು. ನಿಕಲ್, ತಾಮ್ರ, ಸತು ಅತಿಯಾದರೆ ತಿನ್ನುವವರಿಗೆ ಕೆಡುಕಾಗುವ ಮೊದಲೇ ಸಾಮಾನ್ಯವಾಗಿ ಗಿಡವೇ ಸೋಲುತ್ತದೆ. ಸೀಸದ ಬಹುಪಾಲು ಮಣ್ಣಿನಲ್ಲಿ, ಬೇರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಮಣ್ಣು ವಿಜ್ಞಾನಿ ರೂಫಸ್ ಚೇನಿ ಇದನ್ನು ಮಣ್ಣಿಗೂ ಗಿಡಕ್ಕೂ ನಡುವಿನ ತಡೆಗೋಡೆ ಎಂದು ವಿವರಿಸಿದರು. ಆ ಗೋಡೆಯಲ್ಲಿರುವ ದೊಡ್ಡ ಬಿರುಕು ಕ್ಯಾಡ್ಮಿಯಂ. ಗಿಡ ತನ್ನ ಪಾಡಿಗೆ ನಳನಳಿಸುತ್ತಿರುವಾಗಲೇ ಅದು ಎಲೆಗೆ ಏರಿರಬಲ್ಲದು, ಅದರಲ್ಲೂ ಪಾಲಕ್, ದಂಟಿನಂಥ ಸೊಪ್ಪುಗಳಿಗೆ. ಸೊಪ್ಪು ತರಕಾರಿಯಲ್ಲಿ ಕ್ಯಾಡ್ಮಿಯಂ ಕಿಲೋಗೆ 0.2 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಟ್ಟ. ಅಷ್ಟು ಸಣ್ಣ ಅಳತೆ ಕಣ್ಣಿಗೂ ಕಾಣದು, ನಾಲಿಗೆಗೂ ಸಿಗದು. ಜಪಾನಿನ ಜಿನ್ಜು ನದಿಯ ದಡದಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಂ ಗದ್ದೆಗೆ ಇಳಿದು, ಅನ್ನದಲ್ಲಿ ಸೇರಿ, ದಶಕಗಟ್ಟಲೆ ಮಹಿಳೆಯರ ಮೂಳೆ ಮುರಿಯಿತು. ‘ಇತಾಯ್ ಇತಾಯ್’, ಅಂದರೆ ‘ನೋವು ನೋವು’ ಎಂಬುದೇ ಆ ಕಾಯಿಲೆಯ ಹೆಸರಾಯಿತು. ಅದು ಮಾಲಿನ್ಯದಿಂದ ಬಂದದ್ದೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ.

ನಮ್ಮ ರೈತನ ಕೈಯಲ್ಲಿ ಒಂದು ಮಣ್ಣು ಆರೋಗ್ಯ ಕಾರ್ಡ್ ಇದೆ. 2015ರ ಫೆಬ್ರುವರಿಯಲ್ಲಿ ಬಂದ ಯೋಜನೆ. ಅದರಲ್ಲಿ 12 ಸಾಲು: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಬಹುಪಾಲು ‘ಏನು ಕಡಿಮೆ ಇದೆ’ ಎಂದು ಕೇಳುವುದಕ್ಕೆ ಹುಟ್ಟಿದ ಸಾಲುಗಳು. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕಲ್ ಹೆಸರೇ ಇಲ್ಲ. ಮಳೆಯ ನೀರನ್ನೇ ನಂಬಿದ ಹೊಲಕ್ಕೆ ಈ ಲೋಹಗಳ ಪರೀಕ್ಷೆ ಬೇಕೆಂದು ನಾವು ಹೇಳುತ್ತಿಲ್ಲ, ಅದು ದುಬಾರಿ. ವೃಷಭಾವತಿಯ ಅಚ್ಚುಕಟ್ಟಿಗೂ ಅದೇ ಕಾರ್ಡು ಕೊಟ್ಟು ಕೈ ತೊಳೆದುಕೊಳ್ಳುವುದನ್ನು ಮಾತ್ರ ಒಪ್ಪಲಾಗದು.

ಈ ಮಾತು ಈಗ ಏಕೆಂದರೆ, ನಗರದ ನೀರು ಬೈರಮಂಗಲಕ್ಕೆ ನಿಂತಿಲ್ಲ. 2018ರ ಜೂನ್‌ನಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಹೆಬ್ಬಾಳ-ನಾಗವಾರ ಕಣಿವೆಯದು ಚಿಕ್ಕಬಳ್ಳಾಪುರದ ಕಡೆಗೆ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಬಂದದ್ದು ನಿಜ, ಆ ಜಿಲ್ಲೆಗಳ ಜನಕ್ಕೆ ಅದು ಸಣ್ಣ ವಿಷಯವಲ್ಲ. ಯೋಜನೆ ನಿಲ್ಲಿಸಿ ಎನ್ನುವ ಹಕ್ಕು ಕಾವೇರಿ ನೀರು ಕುಡಿಯುವ ನಮಗಿಲ್ಲ. ಆದರೆ ಎರಡು ಹಂತದ ಸಂಸ್ಕರಣೆಯಲ್ಲಿ ಲೋಹ ಮಾಯವಾಗುವುದಿಲ್ಲ. ಬಹುಪಾಲು ಘಟಕದ ಕೆಸರಿಗೆ ಇಳಿಯುತ್ತದೆ, ಉಳಿದದ್ದು ನೀರಿನ ಜತೆ ಹೋಗಿ ಕೆರೆಯ ತಳದಲ್ಲಿ ಕೂರುತ್ತದೆ. ಕೀಟನಾಶಕದಂತೆ ವರ್ಷ ಕಳೆದರೆ ಕರಗುವ ಪದಾರ್ಥ ಅದಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪ, ಲೆಕ್ಕದಲ್ಲಿ ಕೂಡುವುದು ಮಾತ್ರ ಇದೆ. ಕೆಸರು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ, ಕೆರೆಯ ಹೂಳು ಫಲವತ್ತಿನ ಹೆಸರಿನಲ್ಲಿ ಹೋಗುತ್ತದೆ. ಚೀಲದಲ್ಲಿ ಮಾರುವ ನಗರ ಕಾಂಪೋಸ್ಟಿಗೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಮಿತಿ ಇದೆ: ಕಿಲೋಗೆ ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕಲ್ 50, ಸೀಸ 100 ಮಿಲಿಗ್ರಾಂ. ಟ್ರ್ಯಾಕ್ಟರಿನಲ್ಲಿ ಬರುವ ಹೂಳನ್ನು ಈ ಪ್ರಶ್ನೆ ಕೇಳುವವರು ಯಾರು?

ಒಂದು ಎಚ್ಚರಿಕೆ ನಮಗೂ, ಪತ್ರಿಕೆಗಳಿಗೂ. ‘ವಿಷದ ಸೊಪ್ಪು’ ಎಂದು ದೊಡ್ಡಕ್ಷರದಲ್ಲಿ ಅಚ್ಚಾದ ಮರುದಿನ ಬೆಲೆ ಬೀಳುವುದು ಬುಟ್ಟಿಯಲ್ಲಿ ಸೊಪ್ಪು ಹೊತ್ತು ತರುವ ಅಜ್ಜಿಗೆ. ತೊಟ್ಟಿಯ ನೀರನ್ನು ರಾತ್ರಿ ಮೋರಿಗೆ ಬಿಡುವವನಿಗೆ ಅದರ ಬಿಸಿ ತಟ್ಟುವುದೇ ಇಲ್ಲ. ಲೇಪನ ಘಟಕದ ನೀರು ಮನೆಯ ಕೊಳಚೆಯ ಜತೆ ಸೇರದಂತೆ ತಡೆಯಬೇಕಾದ್ದು ಮಾಲಿನ್ಯ ನಿಯಂತ್ರಣ ಮಂಡಳಿ. ನಗರದ ನೀರು ಹೋಗುವ ಪ್ರತಿ ಕೆರೆಯ ಕೆಳಗೆ ವರ್ಷಕ್ಕೊಮ್ಮೆ ಮಣ್ಣಿನ ಲೋಹ ಅಳೆದು, ಫಲಿತಾಂಶವನ್ನು ಪಂಚಾಯ್ತಿ ಗೋಡೆಗೆ ಅಂಟಿಸಬೇಕಾದ್ದು ಕೃಷಿ ಇಲಾಖೆ. ಮಟ್ಟ ಹೆಚ್ಚಿರುವ ಕಡೆ ಸೊಪ್ಪು ಬಿಟ್ಟು ಹೂವಿಗೆ ಹೋಗುವ ರೈತನಿಗೆ ಮೊದಲ ಬೆಳೆಯ ನಷ್ಟ ತುಂಬಿಕೊಡಬೇಕಾದ್ದು ಸರ್ಕಾರ. ಹುಳಿ ಮಣ್ಣಿಗೆ ಸುಣ್ಣ, ಮೇಲೆ ಒಳ್ಳೆಯ ಕೊಟ್ಟಿಗೆ ಗೊಬ್ಬರ ಹಾಕಿದರೆ ಕ್ಯಾಡ್ಮಿಯಂ ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ಹೋಗುವುದಿಲ್ಲ, ಕಡಿಮೆಯಾಗುತ್ತದೆ.

ಈ ಬೇಸಿಗೆಯಲ್ಲಿ ನಗರದ ನೀರು ಕಂಡ ಕೆರೆಯಿಂದ ಹೂಳು ಹೊಡೆಸುವವರು ಮೊದಲು ಒಂದು ಬೊಗಸೆ ಹೂಳು ಮನೆಗೆ ತನ್ನಿ. ಒಂದು ಬಟ್ಟಲಿಗೆ ಅದು, ಇನ್ನೊಂದಕ್ಕೆ ನಿಮ್ಮ ಹೊಲದ ಒಳ್ಳೆಯ ಮಣ್ಣು. ಎರಡಕ್ಕೂ ಇಪ್ಪತ್ತಿಪ್ಪತ್ತು ಮೂಲಂಗಿ ಬೀಜ, ಒಂದೇ ಬಾವಿಯ ನೀರು. ಐದನೇ ದಿನ ತೊಳೆದು, ಮಕ್ಕಳ ಸ್ಕೇಲಿನಲ್ಲಿ ಬೇರು ಅಳೆಯಿರಿ. ಹೂಳಿನದು ಎದ್ದು ಕಾಣುವಷ್ಟು ಗಿಡ್ಡವಿದ್ದರೆ ಪ್ರಯೋಗಾಲಯದ ವರದಿ ಬರುವವರೆಗೆ ಟ್ರ್ಯಾಕ್ಟರ್ ಕರೆಸಬೇಡಿ. ಎರಡೂ ಸಮವಿದ್ದರೂ, ಸೊಪ್ಪು ಬೆಳೆಯುವ ಹೊಲವಾದರೆ ಕ್ಯಾಡ್ಮಿಯಂ ಒಂದನ್ನು ಪರೀಕ್ಷಿಸಿಕೊಂಡೇ ಹೊಡೆಸಿ.