ರಸ್ತೆಯ ಎಡ ಅಂಚಿನ ಮೂರು ಅಡಿಗಾಗಿ ಒಂದು ಮನವಿ

ಮೈಸೂರು
ದಿನಾಂಕ: 03-06-2025

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ, ಮೈಸೂರು

ಇವರಿಂದ,
ಮೈಸೂರಿನಲ್ಲಿ ದಿನವೂ ಸೈಕಲ್ಲಿನಲ್ಲಿ ಕೆಲಸಕ್ಕೆ, ಶಾಲೆಗೆ, ವ್ಯಾಪಾರಕ್ಕೆ ಹೋಗಿಬರುವ ನಾಗರಿಕರು

ವಿಷಯ: ನಗರದ ರಸ್ತೆಗಳ ಎಡ ಅಂಚನ್ನು ಸೈಕಲ್ ಸವಾರಿಗೆ ಯೋಗ್ಯವಾಗಿ ಇರಿಸುವಂತೆಯೂ, ಇದಕ್ಕೆ ಹೊಂದಿಕೊಂಡ ಇತರ ಬೇಡಿಕೆಗಳನ್ನು ಈಡೇರಿಸುವಂತೆಯೂ ಕೋರಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಈ ಮನವಿಗೆ ಸಹಿ ಹಾಕಿರುವವರಲ್ಲಿ ಪೇಪರ್ ಹಾಕುವ ಹುಡುಗರಿದ್ದಾರೆ, ದೇವರಾಜ ಮಾರುಕಟ್ಟೆಯಿಂದ ಹೂವಿನ ಬುಟ್ಟಿಯನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಬಡಾವಣೆಗಳಿಗೆ ಹೋಗುವವರಿದ್ದಾರೆ, ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯುರಿಟಿ ಗಾರ್ಡುಗಳಿದ್ದಾರೆ, ಹೆಬ್ಬಾಳು ಕೈಗಾರಿಕಾ ಪ್ರದೇಶದ ಕಾರ್ಮಿಕರಿದ್ದಾರೆ, ಹೈಸ್ಕೂಲಿನ ಹೆಣ್ಣುಮಕ್ಕಳಿದ್ದಾರೆ. ಬೇರೆ ವಾಹನಕ್ಕೆ ದುಡ್ಡಿಲ್ಲದೆ ಸೈಕಲ್ ತುಳಿಯುವವರು ನಮ್ಮಲ್ಲಿ ಹೆಚ್ಚು. ಮನೆಯಲ್ಲಿ ಸ್ಕೂಟರ್ ಇದ್ದೂ ಸೈಕಲ್ಲೇ ಇರಲಿ ಎಂದು ಹೊರಡುವವರೂ ಇದ್ದಾರೆ. ಇಬ್ಬರಿಗೂ ರಸ್ತೆ ಒಂದೇ.

ಭಾನುವಾರದ ಜಾಥಾಕ್ಕಾಗಲಿ, ಟೀ ಶರ್ಟ್ ಹಂಚುವ ಕಾರ್ಯಕ್ರಮಕ್ಕಾಗಲಿ ನಾವು ಬಂದಿಲ್ಲ. ಸೋಮವಾರ ಬೆಳಗ್ಗೆ ಆರು ಗಂಟೆಯ ಪಾಳಿಗೆ ಮೈಕೈ ನೆಟ್ಟಗೆ ಇಟ್ಟುಕೊಂಡು ತಲುಪುವ ದಾರಿ ನಮಗೆ ಬೇಕು.

ಈ ಮನವಿಯನ್ನು ಬರೆಯುತ್ತಿರುವ ನಾನು ಇಪ್ಪತ್ತೆರಡು ವರ್ಷಗಳಿಂದ ಸರಸ್ವತಿಪುರಂನಿಂದ ಹೆಬ್ಬಾಳಿಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೇನೆ. ಕಷ್ಟ ಹೇಳಿಕೊಳ್ಳುವ ಮೊದಲು ಸುಖವನ್ನೂ ಹೇಳಬೇಕು. ಇಲ್ಲದಿದ್ದರೆ ಇಷ್ಟು ಕಷ್ಟವಿದ್ದರೆ ಬಿಟ್ಟುಬಿಡಬಾರದೇ ಎಂದು ತಮಗೆ ಅನ್ನಿಸೀತು. ಕುಕ್ಕರಹಳ್ಳಿ ಕೆರೆಯ ಪಕ್ಕ ಬರುವ ಹೊತ್ತಿಗೆ ಇನ್ನೂ ಮಬ್ಬುಗತ್ತಲು. ಹೆಜ್ಜಾರ್ಲೆಗಳು ರೆಕ್ಕೆ ಬಡಿಯುವ ಸದ್ದು ನೀರಿನ ಮೇಲಿಂದ ಕೇಳುತ್ತದೆ. ಎಂಜಿನ್ನಿನ ಗದ್ದಲದಲ್ಲಿ ಆ ಸದ್ದು ಯಾರಿಗೂ ಸಿಗದು. ಹುಣಸೂರು ರಸ್ತೆ ದಾಟಿ ಜಯಲಕ್ಷ್ಮಿಪುರಂ ಒಳಗೆ ಹೊಕ್ಕರೆ ಸಂಪಿಗೆಯ ವಾಸನೆ. ಯಾವ ಮನೆಯ ಕಾಂಪೌಂಡಿನಿಂದ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿದಾಗ ಫ್ರೀವೀಲು ಟಿಕಟಿಕ ಅನ್ನುತ್ತದೆ, ಬೆವರಿಗೆ ತಣ್ಣನೆ ಗಾಳಿ ತಾಗುತ್ತದೆ. ಗೋಕುಲಂ ತಿರುವಿನ ಹಾಲಿನ ಬೂತಿನವರು ಕೈ ಎತ್ತುತ್ತಾರೆ. ಮೂರು ದಿನ ಕಾಣದಿದ್ದರೆ ‘ಯಾಕೆ ಸ್ವಾಮಿ, ಹುಷಾರಿರಲಿಲ್ವಾ?’ ಎಂದು ಕೇಳುತ್ತಾರೆ. ನಮ್ಮೂರಿನ ಅಳತೆಯೂ ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಹಳೆಯ ಮೈಸೂರಿನ ಯಾವ ಬಡಾವಣೆಯಿಂದ ಯಾವ ಬಡಾವಣೆಗೆ ಹೊರಟರೂ ಅರ್ಧ ಗಂಟೆಯೊಳಗೆ ತಲುಪಬಹುದು.

ಇನ್ನು ಕಷ್ಟದ ಮಾತು. ಸೈಕಲ್ ಸವಾರನ ಪಾಲಿಗೆ ರಸ್ತೆ ಎಂದರೆ ಎಡ ಅಂಚಿನ ಮೂರು ಅಡಿ ಮಾತ್ರ. ಉಳಿದದ್ದೆಲ್ಲ ಬೇರೆಯವರದು. ಆದರೆ ರಸ್ತೆಗೆ ಬೇಡವಾದದ್ದೆಲ್ಲ ಬಂದು ಸೇರುವುದೂ ಆ ಮೂರು ಅಡಿಗೇ: ಮಳೆನೀರು, ಮರಳು, ಒಡೆದ ಬಾಟಲಿಯ ಚೂರು, ಮನೆ ಕಟ್ಟುವವರ ಜಲ್ಲಿ, ನಿಂತ ಕಾರು, ತಳ್ಳುಗಾಡಿ, ಕೇಬಲ್ಲಿಗಾಗಿ ಅಗೆದು ಅರೆಬರೆ ಮುಚ್ಚಿದ ಗುಂಡಿ. ಬಲಕ್ಕೆ ಸರಿದರೆ ಹಿಂದಿನಿಂದ ಹಾರ್ನು. ಸರಿಯದಿದ್ದರೆ ನಿಂತ ಕಾರಿನ ಬಾಗಿಲು ಯಾವಾಗ ತೆರೆದುಕೊಳ್ಳುತ್ತದೋ ಎಂಬ ಭಯ.

ಇದರಲ್ಲಿ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೋರುತ್ತೇನೆ. ಮಳೆನೀರು ಚರಂಡಿಗೆ ಇಳಿಯಲೆಂದು ರಸ್ತೆಯ ಅಂಚಿನಲ್ಲಿ ಕಬ್ಬಿಣದ ಜಾಲರಿ ಕೂರಿಸಿರುತ್ತಾರೆ. ಎಷ್ಟೋ ಕಡೆ ಅದರ ಸರಳುಗಳು ರಸ್ತೆಯ ಉದ್ದಕ್ಕೇ, ಅಂದರೆ ನಮ್ಮ ಚಕ್ರ ಹೋಗುವ ದಿಕ್ಕಿಗೇ ಇವೆ. ಹಾಲಿನವರು, ಕೂಲಿಯವರು ಇಂದಿಗೂ ಬಳಸುವ ದೊಡ್ಡ ಕಪ್ಪು ಸೈಕಲ್ಲಿನ ಟೈರು 28 ಇಂಚಿನದು, ಅದರ ದಪ್ಪ ಒಂದೂವರೆ ಇಂಚು. ಸರಳುಗಳ ಸಂದು ಎರಡು ಇಂಚು ಇದ್ದರೆ ಚಕ್ರ ಸಲೀಸಾಗಿ ಒಳಕ್ಕಿಳಿಯುತ್ತದೆ. ಹೋದ ಮಳೆಗಾಲದಲ್ಲಿ ಒಂದು ಸಂಜೆ ನೀರು ನಿಂತು ಜಾಲರಿ ಕಾಣುತ್ತಿರಲಿಲ್ಲ. ನನ್ನ ಮುಂದಿನ ಚಕ್ರ ರಿಮ್ಮಿನವರೆಗೂ ಅದರಲ್ಲಿ ಇಳಿಯಿತು. ಸೈಕಲ್ ಅಲ್ಲೇ ನೆಟ್ಟಗೆ ನಿಂತಿತು, ನಾನು ಹ್ಯಾಂಡಲ್ ದಾಟಿ ಮುಂದೆ ಬಿದ್ದೆ. ಹೆಗಲ ಮೂಳೆ ಮುರಿದು ಆರು ವಾರ ಕೆಲಸವಿಲ್ಲ, ಸಂಬಳವೂ ಇಲ್ಲ. ಹಿಂದೆ ಬರುತ್ತಿದ್ದ ಆಟೋದವರು ಬ್ರೇಕ್ ಹಾಕಿದ್ದರಿಂದ ಈ ಮನವಿ ಬರೆಯಲು ಉಳಿದಿದ್ದೇನೆ. ಆ ಜಾಲರಿಯನ್ನು ಕೂರಿಸಿದವರು ಯಾರೆಂಬುದನ್ನು ಇಲ್ಲಿ ಕೇಳುತ್ತಿಲ್ಲ. ಅದನ್ನು ಕಿತ್ತು ಅಡ್ಡಡ್ಡಲಾಗಿ ತಿರುಗಿಸಿ ಕೂರಿಸಿದರೆ ಸಾಕು, ಚಕ್ರ ಅದರ ಮೇಲೆ ಹಾದುಹೋಗುತ್ತದೆ. ಇಬ್ಬರು ಕೆಲಸಗಾರರು, ಒಂದು ಹಾರೆ, ಒಂದು ಬಾಂಡಲಿ ಸಿಮೆಂಟು. ನಾವು ಗುರುತಿಸಿದ ಇಂತಹ ಜಾಲರಿಗಳ ಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇವೆ. ಮಳೆ ಜೋರಾಗುವ ಮೊದಲು ಇದೊಂದು ಆಗಬೇಕು. ಇದು ನಮ್ಮ ಮೊದಲನೆಯ ಬೇಡಿಕೆ, ಇಂದೇ ಆದೇಶ ಹೊರಡಿಸಬಹುದಾದ ಬೇಡಿಕೆ.

ಎರಡನೆಯದು ಡಾಂಬರಿನ ಅಂಚಿಗೆ ಸಂಬಂಧಿಸಿದ್ದು. ದಸರೆಗೆ ಮುನ್ನ ನಗರದ ಮುಖ್ಯ ರಸ್ತೆಗಳು ಹೊಸ ಡಾಂಬರು ಕಾಣುವುದು ವಾಡಿಕೆ. ಹಳೆಯ ಪದರದ ಮೇಲೆ ಹೊಸ ಪದರ ಬಿದ್ದಂತೆ ಅಂಚು ಮೆಟ್ಟಿಲಿನಂತೆ ಎದ್ದು ನಿಲ್ಲುತ್ತದೆ. ಬಸ್ಸಿಗೆ ದಾರಿ ಬಿಡಲು ಕೆಳಗಿಳಿದ ಸೈಕಲ್ಲು ಮತ್ತೆ ಮೇಲೇರಲು ಹೋದರೆ ಚಕ್ರ ಜಾರಿ ಸವಾರ ಬಲಕ್ಕೆ, ಅಂದರೆ ಬಸ್ಸಿನ ಕಡೆಗೇ ಬೀಳುತ್ತಾನೆ. ಈ ಬಾರಿಯ ಟೆಂಡರ್ ಷರತ್ತಿನಲ್ಲೇ ಅಂಚನ್ನು ಇಳಿಜಾರಾಗಿಸಿ ಮುಗಿಸಬೇಕೆಂದು ಬರೆಯಿಸಿ. ಹಂಪ್ ಮತ್ತು ರಂಬಲ್ ಸ್ಟ್ರಿಪ್ ಹಾಕುವಾಗ, ನೀರು ಹರಿಯಲು ಬಿಡುವಂತೆ, ಎಡಗಡೆ ಎರಡಡಿ ಸಮತಟ್ಟು ಜಾಗ ಬಿಡಿಸಿ. ಮೊಟ್ಟೆಯ ಟ್ರೇ ಕಟ್ಟಿಕೊಂಡು ಹೋಗುವವನಿಗೆ ಆ ಎರಡಡಿಯೇ ಅವತ್ತಿನ ಲಾಭ.

ಬೀದಿದೀಪ ನಮ್ಮ ಬಡಾವಣೆಗಳಲ್ಲಿ ಇಲ್ಲವೆಂದಲ್ಲ, ಮರದ ಕೊಂಬೆಗಳ ಮೇಲಿದೆ. ಬೆಳಕು ಎಲೆಗಳಿಗೆ ಬೀಳುತ್ತದೆ, ರಸ್ತೆಗಲ್ಲ. ಮರ ಕಡಿಯಿರಿ ಎಂದು ನಾವು ಎಂದೂ ಕೇಳುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಸೈಕಲ್ ತುಳಿದವರಿಗೆ ಮರದ ಬೆಲೆ ಗೊತ್ತು. ಕಂಬದಲ್ಲಿ ಕೊಂಬೆಗಿಂತ ಕೆಳಗೆ ಇನ್ನೊಂದು ದೀಪ ಹಾಕಿಸಿ ಎಂಬುದಷ್ಟೇ ಕೋರಿಕೆ.

ಮೈಸೂರಿಗೇ ವಿಶೇಷವಾದ ಇನ್ನೊಂದು ಸಾಧ್ಯತೆಯನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ. ಪ್ಲೇಗಿನ ಹಾವಳಿಯ ನಂತರ, 1903ರಲ್ಲಿ ಇಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡ್ ರಚನೆಯಾಯಿತು. ಆ ಕಾಲದ ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳಿವೆ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊತ್ತು ಸಾಗಿಸುತ್ತಿದ್ದ ದಾರಿಗಳವು. ಅಲ್ಲಿ ದುಡಿದವರನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಇಂದು ಎಷ್ಟೋ ಗಲ್ಲಿಗಳು ಕಟ್ಟಡದ ಅವಶೇಷ, ಮುಳ್ಳುಗಿಡಗಳಿಂದ ತುಂಬಿವೆ. ಮುಖ್ಯ ರಸ್ತೆಗೆ ಸಮಾನಾಂತರವಾಗಿ ಸಾಗುವ ಕೆಲವನ್ನಾದರೂ ಆರಿಸಿ, ಶುಚಿ ಮಾಡಿಸಿ, ನೆಲ ಸಮ ಮಾಡಿಸಿ, ದೀಪ ಹಾಕಿಸಿ, ಕಾರು ನುಗ್ಗದಂತೆ ಬಾಯಿಗೆ ಎರಡು ಕಲ್ಲುಕಂಬ ನೆಡಿಸಿದರೆ ಮಕ್ಕಳೂ ಮುದುಕರೂ ಗಾಡಿಗಳ ಹಂಗಿಲ್ಲದೆ ಓಡಾಡಬಹುದು. ಇದಕ್ಕೆ ಒಂದಡಿ ಜಮೀನನ್ನೂ ವಶಪಡಿಸಿಕೊಳ್ಳಬೇಕಿಲ್ಲ.

2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಬಾಡಿಗೆ ಸೈಕಲ್ ಸೇವೆ ಶುರುವಾದಾಗ ದೇಶವೇ ಮೈಸೂರಿನತ್ತ ನೋಡಿತ್ತು. ಆ ಸೇವೆ ಕಾರ್ಖಾನೆಗಳ ಗೇಟಿನವರೆಗೂ ಹೊರ ಬಡಾವಣೆಗಳ ಬಸ್ ನಿಲ್ದಾಣದವರೆಗೂ ಹಬ್ಬಲಿ. ಸ್ವಂತ ಸೈಕಲ್ ಇರುವವರಿಗೆ ಬೇಕಾದದ್ದು ನಿಲ್ಲಿಸುವ ಜಾಗ. ಎಷ್ಟೋ ಕಟ್ಟಡಗಳ ಗೇಟಿನಲ್ಲಿ ಕಾರಿಗೆ ಸಲಾಮು, ಸೈಕಲ್ಲಿಗೆ ‘ಹೊರಗೆ ನಿಲ್ಲಿಸು’ ಎಂಬ ಮಾತು. ಹೊರಗೆ ನಿಲ್ಲಿಸಿ ಬರುವಷ್ಟರಲ್ಲಿ ಗಾಳಿ ಬಿಟ್ಟಿರುತ್ತಾರೆ, ಇಲ್ಲವೇ ಸೈಕಲ್ಲೇ ಇರುವುದಿಲ್ಲ. ಮಾರುಕಟ್ಟೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳ ಆವರಣದಲ್ಲಿ ಚೈನು ಹಾಕಿ ಬೀಗ ಜಡಿಯಲು ಅನುವಾಗುವ ಕಬ್ಬಿಣದ ಸ್ಟ್ಯಾಂಡನ್ನು ಬಾಗಿಲ ಸಮೀಪವೇ ಹಾಕಿಸಬೇಕು, ಶುಲ್ಕ ಇರಬಾರದು.

ಹೆಣ್ಣುಮಕ್ಕಳ ವಿಷಯ ಹೇಳದೆ ಈ ಮನವಿ ಪೂರ್ಣವಾಗದು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಎಷ್ಟೋ ಮನೆಗಳಲ್ಲಿ ಹುಡುಗಿಯ ಹೆಸರಿನಲ್ಲಿ ಬಂದ ಮೊದಲ ವಾಹನ ಅದು. ನನ್ನ ಮಗಳು ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆಂದಾಗ, ಇಪ್ಪತ್ತೆರಡು ವರ್ಷ ತುಳಿದ ನಾನೇ ಬೇಡವೆಂದೆ. ರಿಂಗ್ ರಸ್ತೆಯ ಜಂಕ್ಷನ್ ದಾಟಬೇಕಿತ್ತು. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಇಂದಿಗೂ ಸಂಕಟವಿದೆ. ರಿಂಗ್ ರಸ್ತೆಯ ಜಂಕ್ಷನ್‌ಗಳಲ್ಲಿ ಸೈಕಲ್ ಸವಾರರೂ ಪಾದಚಾರಿಗಳೂ ದಾಟಲು ಪ್ರತ್ಯೇಕ ಸಿಗ್ನಲ್ ಅವಧಿ ಕೊಡಿಸುವಂತೆ ಸಂಬಂಧಪಟ್ಟ ಇಲಾಖೆಗಳಿಗೆ ತಾವು ಬರೆಯಬೇಕೆಂದು ಕೋರುತ್ತೇವೆ.

ಇವು ಕಾನೂನಿಗೆ ಹೊರತಾದ ಬೇಡಿಕೆಗಳಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳಿಗಿಂತ ಜನರ ಓಡಾಟಕ್ಕೆ ಆದ್ಯತೆ ಕೊಡುತ್ತದೆ. ಸೈಕಲ್ ಪಥಗಳ ಅಳತೆ, ವಿನ್ಯಾಸಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2015ರ ಮಾರ್ಗಸೂಚಿಯಿದೆ. ಪಾದಚಾರಿಗಳು ಮತ್ತು ಯಂತ್ರರಹಿತ ವಾಹನಗಳ ಕುರಿತು ನಿಯಮ ರೂಪಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ರಾಜ್ಯಕ್ಕೆ ಕೊಟ್ಟಿದೆ.

ಕೊನೆಯ ಕೋರಿಕೆ. ಈ ತಿಂಗಳಲ್ಲಿ ಒಂದು ದಿನ ತಮ್ಮ ವಲಯ ಎಂಜಿನಿಯರ್‌ಗಳನ್ನು ನಮ್ಮೊಂದಿಗೆ ಸರಸ್ವತಿಪುರಂನಿಂದ ಹೆಬ್ಬಾಳಿನವರೆಗೆ ಸೈಕಲ್ಲಿನಲ್ಲಿ ಕಳಿಸಿಕೊಡಿ. ತಾವೂ ಬಂದರೆ ಇನ್ನೂ ಸಂತೋಷ. ಮೊದಲ ಪಾಳಿಯವರು ಹೊರಡುವ ಹೊತ್ತು ಬೆಳಗ್ಗೆ 5:20. ಸೈಕಲ್‌ಗಳನ್ನು ನಾವೇ ತರುತ್ತೇವೆ. ಹಿಂದಿನ ಸಂಜೆಯೇ ಗಾಳಿ ಹೊಡೆಸಿ, ಬ್ರೇಕ್ ಬಿಗಿ ಮಾಡಿಸಿ, ಸೀಟಿನ ಎತ್ತರ ಸರಿಮಾಡಿ ಇಟ್ಟಿರುತ್ತೇವೆ.



ತಮ್ಮ ವಿಶ್ವಾಸಿಗಳು
(ಸಹಿಗಳು ಪ್ರತ್ಯೇಕ ಹಾಳೆಯಲ್ಲಿವೆ)

ಲಗತ್ತು: ತಿರುಗಿಸಿ ಕೂರಿಸಬೇಕಾದ ಜಾಲರಿಗಳ ಪಟ್ಟಿ, ರಸ್ತೆವಾರು

ಪ್ರತಿ:
ಮಾನ್ಯ ಜಿಲ್ಲಾಧಿಕಾರಿಗಳು, ಮೈಸೂರು
ಮಾನ್ಯ ನಗರ ಪೊಲೀಸ್ ಆಯುಕ್ತರು, ಮೈಸೂರು
ನಗರ ಭೂ ಸಾರಿಗೆ ನಿರ್ದೇಶನಾಲಯ, ಬೆಂಗಳೂರು